ಅಕ್ಕನ ಜೇಡ

ಪಿಎಚ್‌ಡಿ ಒಂದು ಸಿಕ್ಕಿಲ್ಲ ಎನ್ನುವುದನ್ನು ಬಿಟ್ಟರೆ ಡಾಕ್ಟರ್ ಆಗಲು ಅವನಿಗೆ ಬೇರೆ ಯಾವ ಅಡ್ಡಿಯೂ ಇರಲಿಲ್ಲ. ಮನೆಯಲ್ಲಿ, ಮಹಡಿಯ ಮೆಟ್ಟಿಲ ಮೇಲೆ, ಕಾರ್ಖಾನೆಯ ಗೇಟಿನಲ್ಲಿ, ಎಲ್ಲರೂ ಅವನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಶುರು ಮಾಡಿದವಳು ಅಕ್ಕ. ಎಂ.ಎಸ್ಸಿ. ಮುಗಿಸಿ, ಇನ್ನು ಸಂಶೋಧನೆಯೇ ತನ್ನ ದಾರಿ ಎಂದು ಅವನು ಊಟದ ಮೇಜಿನಲ್ಲಿ ಸಾರಿದ ದಿನವೇ ಆಕೆ, "ಡಾಕ್ಟ್ರೇ, ಸ್ವಲ್ಪ ಉಪ್ಪು ಈ ಕಡೆ ತಳ್ಳಿ" ಎಂದಿದ್ದಳು. ಹೆಸರು ಅಂಟಿತು, ಪದವಿ ಅಂಟಲಿಲ್ಲ. ಮೇಲಿನ ಮನೆಯ ಅಜ್ಜಿ ಮಂಡಿನೋವಿಗೆ ಮಾತ್ರೆ ಕೇಳಿಕೊಂಡು ಬಂದಾಗ ತಾನು ಆ ಥರದ ಡಾಕ್ಟರ್ ಅಲ್ಲ ಎಂದು ವಿವರಿಸಿ, ಯಾವ ಥರದವನೂ ಅಲ್ಲ ಎಂಬುದನ್ನು ಮಾತ್ರ ಬಾಯಿಬಿಡದೆ ಬಾಗಿಲು ಹಾಕಿಕೊಂಡಿದ್ದ. ನಾವೂ ಅವನನ್ನು ಡಾಕ್ಟರ್ ಎಂದೇ ಕರೆಯೋಣ, ಆದರೆ ಏಕವಚನದಲ್ಲಿ. ಬಹುವಚನದ ಮರ್ಯಾದೆ ಕೊಟ್ಟರೆ ಅವನಿಗೇ ನಗು ಬರುತ್ತದೆ.

ಹೊಟ್ಟೆಪಾಡಿಗೆ ಅವನು ಬಿಸ್ಕತ್ತು ಮುರಿಯುತ್ತಿದ್ದ. ತಮಾಷೆಯಲ್ಲ, ಸಂಬಳ ಕೊಡುತ್ತಿದ್ದದ್ದೇ ಅದಕ್ಕೆ. ಬಿಸ್ಕತ್ತು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಒಂದು ಪುಟ್ಟ ಯಂತ್ರವಿತ್ತು. ಎರಡು ಕಬ್ಬಿಣದ ಪಟ್ಟಿಗಳ ಮೇಲೆ ಬಿಸ್ಕತ್ತನ್ನು ಸೇತುವೆಯ ಹಾಗೆ ಇಟ್ಟರೆ ಮೇಲಿನಿಂದ ಒಂದು ಅಲಗು ನಿಧಾನವಾಗಿ ಒತ್ತುತ್ತಿತ್ತು. ಟಪ್ ಎಂದಾಗ ಎಷ್ಟು ಭಾರಕ್ಕೆ ಮುರಿಯಿತು ಎಂದು ಬರೆದುಕೊಳ್ಳಬೇಕು. ಬೇಗ ಮುರಿದರೆ ಲಾರಿಯಲ್ಲೇ ಪುಡಿಯಾಗುತ್ತದೆ, ಮುರಿಯದೇ ಹೋದರೆ ಗಿರಾಕಿಯ ಹಲ್ಲಿಗೆ ಸಂಚಕಾರ. ಅರ್ಜಿಗಳಲ್ಲಿ ಇದೇ ಕೆಲಸ 'ಭಂಗುರ ಸಂಯುಕ್ತ ವಸ್ತುಗಳ ಬಲಪರೀಕ್ಷೆಯಲ್ಲಿ ದೀರ್ಘ ಅನುಭವ' ಎಂದು ಕೋಟು ಹಾಕಿಕೊಂಡು ನಿಲ್ಲುತ್ತಿತ್ತು. ಮುರಿದ ಚೂರುಗಳನ್ನು ಅವನು ಮನೆಗೆ ತರುತ್ತಿದ್ದ. ಆ ಮನೆಯಲ್ಲಿ ಇಡೀ ಬಿಸ್ಕತ್ತು ಕಂಡವರೇ ಇಲ್ಲ.

ಮೊದಮೊದಲು ಅವನಿಗೂ ಒಂದು ಸಂಕೋಚವಿತ್ತು. ತಾನು ಓದಿದ ಭೌತವಿಜ್ಞಾನದ ಹುದ್ದೆಗಳಿಗೆ ಮಾತ್ರ ಅರ್ಜಿ ಹಾಕುತ್ತಿದ್ದ. ಯಾರೂ ಕ್ಯಾರೇ ಅನ್ನದೇ ಇದ್ದಾಗ ರಸಾಯನಶಾಸ್ತ್ರದ ಕಡೆ ಇಣುಕಿದ. ಅಲ್ಲೂ ಬಾಗಿಲು ಮುಚ್ಚಿತು. ಆಮೇಲೆ ಬೇಲಿಯೇ ಉಳಿಯಲಿಲ್ಲ. ಹಿಮನದಿ ಕರಗುವುದಕ್ಕೂ ಅವನೇ, ಹೊಸ ಸಿಮೆಂಟು ಬಿರಿಯುವುದಕ್ಕೂ ಅವನೇ. ಬಾವಲಿಗಳ ಕಿವಿ, ಮನುಷ್ಯರ ನಿದ್ದೆ, ಕೆರೆಯ ಪಾಚಿ, ಎಲ್ಲಿ ವಿದ್ಯಾರ್ಥಿವೇತನ ಸಮೇತ ಒಂದು ಜಾಗ ಖಾಲಿ ಇದೆ ಎಂದು ಗೊತ್ತಾದರೂ ಅಲ್ಲಿ ಅವನ ಅರ್ಜಿ ಹೋಗಿ ಬೀಳುತ್ತಿತ್ತು. ಉತ್ತರಗಳೂ ಬರುತ್ತಿದ್ದವು, ಬಹಳ ನಯವಾಗಿ. 'ನಿಮ್ಮ ಹಿನ್ನೆಲೆ ತುಂಬಾ ಕುತೂಹಲಕರವಾಗಿದೆ, ಆದರೆ...' ಎಂದು ಶುರುವಾಗುತ್ತಿದ್ದವು. ಕಡೆಕಡೆಗೆ ಅವನು ಮೇಲ್ ತೆರೆದ ಕೂಡಲೇ ಮೊದಲು 'ಆದರೆ' ಎಲ್ಲಿದೆ ಎಂದೇ ಹುಡುಕುತ್ತಿದ್ದ. ಸಮಯ ಉಳಿಯುತ್ತಿತ್ತು.

ಪ್ರತಿ ಅರ್ಜಿಗೂ ಒಂದು ಪತ್ರ ಬರೆಯಬೇಕು: ಈ ವಿಷಯವೇ ಯಾಕೆ ಬೇಕು ನಿನಗೆ? ಪ್ರಾಧ್ಯಾಪಕರ ಮನಸ್ಸು ಕರಗಿಸಲು ಬಾಲ್ಯಕ್ಕಿಂತ ಒಳ್ಳೆಯ ಮದ್ದಿಲ್ಲ ಎಂದು ಡಾಕ್ಟರ್ ಕಂಡುಕೊಂಡಿದ್ದ. ಅವನ ಪತ್ರಗಳೆಲ್ಲ 'ಚಿಕ್ಕಂದಿನಿಂದಲೂ ನನಗೆ' ಎಂದೇ ಆರಂಭ. ಬಾವಲಿಯ ಪ್ರಾಧ್ಯಾಪಕರಿಗೆ ಬರೆದ ಪತ್ರದಲ್ಲಿ ಅವನು ಮುಸ್ಸಂಜೆ ಬಾವಲಿಗಳ ಹಿಂದೆ ಓಡುತ್ತಿದ್ದ ಹುಡುಗ. ನಿದ್ದೆಯ ಪ್ರಾಧ್ಯಾಪಕರಿಗೆ ಬರೆದದ್ದರಲ್ಲಿ, ಮನೆಯವರೆಲ್ಲ ಮಲಗಿರುವಾಗ ಎದ್ದು ಕೂತು ಅವರ ಉಸಿರಾಟ ಗಮನಿಸುತ್ತಿದ್ದ ಹುಡುಗ. ಅಕ್ಕ ಒಂದು ಭಾನುವಾರ ಇವನ್ನೆಲ್ಲ ಓದಿಬಿಟ್ಟಳು.

"ಅಲ್ವೋ, ಒಬ್ಬ ಮನುಷ್ಯನಿಗೆ ಎಷ್ಟೋ ಬಾಲ್ಯ?" ಎಂದಳು. "ನಾನೂ ಅದೇ ಮನೇಲಿ ಇದ್ನಲ್ಲೋ. ಈ ಬಾವಲಿ ಯಾವಾಗ ಬಂತು? ಎದ್ದು ಕೂತು ಉಸಿರು ನೋಡ್ತಿದ್ನಂತೆ! ಕತ್ತೆ, ನಿನ್ನನ್ನ ಎಬ್ಬಿಸೋಕೆ ಅಮ್ಮ ಚೊಂಬುಗಟ್ಟಲೆ ನೀರು ಸುರೀಬೇಕಿತ್ತು."

ಅಕ್ಕ ವಕೀಲೆ. ಗಂಡ ಹೆಂಡಿರ ಜಗಳಗಳೇ ಹೆಚ್ಚು ಬರುವ ಕೋರ್ಟಿನಲ್ಲಿ ದಿನವಿಡೀ ಎರಡೂ ಕಡೆಯ ಸುಳ್ಳು ಕೇಳಿ ಬರುವವಳು. "ಅಲ್ಲೂ ಇದೇ, ಮನೇಲೂ ಇದೇನಾ?" ಎಂದು ಲ್ಯಾಪ್‌ಟಾಪ್ ಮುಚ್ಚಿದ್ದಳು. ಅವತ್ತಿನಿಂದ ಅವನು ಪತ್ರಗಳನ್ನು ಅವಳಿಗೆ ತೋರಿಸುವುದನ್ನೇ ಬಿಟ್ಟ. ಬರೆಯುವುದನ್ನು ಬಿಡಲಿಲ್ಲ.

ಬಿಡುವ ಹಾಗೂ ಇರಲಿಲ್ಲ. ವಿದ್ಯಾರ್ಥಿವೇತನಕ್ಕೆ ವಯಸ್ಸಿನ ಮಿತಿಯಿದೆ. ಅವನ ಮುಂದಿನ ಹುಟ್ಟುಹಬ್ಬದೊಂದಿಗೆ ಅದು ಮೀರುತ್ತಿತ್ತು. ಆಮೇಲೆ ಆಯುಷ್ಯವಿಡೀ ಬಿಸ್ಕತ್ತೇ ಗತಿ, ಡಾಕ್ಟರ್ ಎನ್ನುವುದು ಬರೀ ಗೇಲಿಯ ಹೆಸರಾಗಿಯೇ ಉಳಿಯುತ್ತದೆ. ಈ ಯೋಚನೆ ಬಂದಾಗಲೆಲ್ಲ ಅವನು ಇನ್ನೊಂದು ಅರ್ಜಿ ತುಂಬಲು ಕೂರುತ್ತಿದ್ದ. ಯಾರ ಹತ್ತಿರ ಹೇಳಿಕೊಳ್ಳುವುದು?

ಅಂಥ ಹೊತ್ತಿನಲ್ಲೇ ಆ ಪ್ರಕಟಣೆ ಕಣ್ಣಿಗೆ ಬಿತ್ತು. ಇನ್ನೊಂದು ಊರಿನ ವಿಶ್ವವಿದ್ಯಾಲಯ. ಜೇಡರ ಬಲೆಯ ನೂಲನ್ನು ಎಳೆದು, ಎಷ್ಟು ಬಲಕ್ಕೆ ಮುರಿಯುತ್ತದೆ ಎಂದು ಅಳೆಯುವ ಸಂಶೋಧನೆ. ಜೀವನದಲ್ಲಿ ಮೊದಲ ಬಾರಿಗೆ ಅವನಿಗೆ ನಿಜವಾಗಿ ಗೊತ್ತಿದ್ದ ಕೆಲಸ! ಮುರಿಯುವುದು! ನೆಟ್ಟಗೆ ಬಿಸ್ಕತ್ತಿನ ವಿಷಯ ಬರೆದಿದ್ದರೆ ಸಾಕಿತ್ತು. ಆದರೆ ಅಷ್ಟೊಂದು ವರ್ಷದ ಚಾಳಿ ಬಿಡಬೇಕಲ್ಲ? ಬಿಸ್ಕತ್ತು ಎಂದು ಬರೆಯಲು ಅವನಿಗೆ ನಾಚಿಕೆಯಾಯಿತು. ಕೈ ತಾನಾಗಿ 'ಚಿಕ್ಕಂದಿನಿಂದಲೂ ನನಗೆ' ಎಂದು ಟೈಪು ಮಾಡಿ, ಒಂದು ಬಾಲ್ಯಕ್ಕಾಗಿ ಕಾಯುತ್ತಾ ಕೂತಿತು.

ಈ ಸಲ ಕಟ್ಟುಕತೆ ಬೇಕಾಗಲಿಲ್ಲ. ಜೇಡದ ಬಾಲ್ಯವೊಂದು ನಿಜವಾಗಿಯೂ ಇತ್ತು. ಅವನದಲ್ಲ, ಅಷ್ಟೆ. ಅವರು ಚಿಕ್ಕವರಿದ್ದಾಗ ಇದ್ದ ಮನೆಯ ಬಚ್ಚಲಿನಲ್ಲಿ, ಸೂರಿನ ಹತ್ತಿರದ ಸಣ್ಣ ಕಿಟಕಿಗೆ ಒಂದು ಜೇಡ ಊಟದ ತಟ್ಟೆಯಷ್ಟಗಲದ ಬಲೆ ಕಟ್ಟಿತ್ತು. ಅಕ್ಕ ಚಿಲಕ ಹಾಕಿಕೊಂಡು, ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತು, ಬಲೆಯ ಒಂದು ಮೂಲೆಯನ್ನು ಹರಿದು, ಅದು ಮತ್ತೆ ಕಟ್ಟುವುದನ್ನು ನೋಡುತ್ತಿದ್ದಳು. ಹೊರಗಡೆ ಮನೆಯವರೆಲ್ಲ ಕಾಲು ಬದಲಿಸುತ್ತಾ ಕಾಯುತ್ತಿದ್ದರು. ಡಾಕ್ಟರ್ ಇದನ್ನೆಲ್ಲ ಚೆಂದವಾಗಿ ಬರೆದು, 'ಅಕ್ಕ' ಇದ್ದಲ್ಲೆಲ್ಲ 'ನಾನು' ಎಂದು ಮಾಡಿದ. ತಿರುಗಿ ಓದಿದಾಗ ಅವನಿಗೇ ಕಣ್ಣು ಒದ್ದೆಯಾಯಿತು. ತನ್ನ ಮೇಲೆ ಅಷ್ಟು ಅಭಿಮಾನ ಅವನಿಗೆ ಯಾವತ್ತೂ ಬಂದಿರಲಿಲ್ಲ.

ಸಂದರ್ಶನಕ್ಕೆ ಕರೆ ಬಂತು. ಪ್ರಾಧ್ಯಾಪಕಿಯೇ ಸ್ವತಃ ಬರೆದಿದ್ದರು: 'ಮುಖ್ಯವಾಗಿ ನಿಮ್ಮ ಬಾಲ್ಯದ ಆ ಜೇಡದ ಬಗ್ಗೆ ಮಾತಾಡೋಣ.' ಡಾಕ್ಟರ್ ಅದನ್ನು ಓದಿ ಒಂದು ಲೋಟ ನೀರು ಕುಡಿದ, ಮತ್ತೆ ಓದಿದ, ಇನ್ನೊಂದು ಲೋಟ ಕುಡಿದ.

ಸಂದರ್ಶನ ಮನೆಯಿಂದಲೇ, ವೀಡಿಯೊದಲ್ಲಿ. ಇಲ್ಲಿ ಆ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಇಂಟರ್ನೆಟ್ಟಿನ ಡಬ್ಬಿಗೆ ಕರೆಂಟು ಕೊಡುವ ಪ್ಲಗ್ಗು ಮೇಜಿನ ಕೆಳಗಿನ ಗೋಡೆಯಲ್ಲಿತ್ತು. ಅದು ಸಡಿಲವಾದಾಗ, ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಭಾವ, "ಇದಕ್ಕೆಲ್ಲ ಎಲೆಕ್ಟ್ರಿಷಿಯನ್ ಯಾಕೆ?" ಎಂದು ಕನ್ನಡಕದ ಸ್ಕ್ರೂಡ್ರೈವರಿನಲ್ಲಿ ತಾವೇ ರಿಪೇರಿ ಮಾಡಿದ್ದರು. ಅಂದಿನಿಂದ ಯಾರಾದರೂ ಒತ್ತಿ ಹಿಡಿದುಕೊಂಡರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ಮನೆಯಲ್ಲಿ ಒಬ್ಬರ ಮುಖ್ಯವಾದ ಕರೆ ಬಂದರೆ ಇನ್ನೊಬ್ಬರು ಮೇಜಿನ ಕೆಳಗೆ. ಸಾಮಾನ್ಯವಾಗಿ ಪಾಪಪ್ರಜ್ಞೆಯಿಂದ ಭಾವನೇ ತೂರಿಕೊಳ್ಳುತ್ತಿದ್ದರು. ಅವತ್ತು ಅವರ ಅಂಗಡಿಯಲ್ಲಿ ಜನವೋ ಜನ. ಅಕ್ಕನಿಗೆ ಕೋರ್ಟು ರಜೆ.

"ಬೇಡ ಅಕ್ಕಾ, ನೀನ್ಯಾಕೆ ಸುಮ್ನೆ ತೊಂದ್ರೆ ತಗೋತೀಯ?" ಎಂದು ಡಾಕ್ಟರ್ ಗೋಗರೆದ.

"ತೊಂದ್ರೆ ಏನೋ ಬಂತು? ನನ್ನ ತಮ್ಮ ದೊಡ್ಡ ಮನುಷ್ಯ ಆಗೋದನ್ನ ಕೆಳಗಿಂದಾದ್ರೂ ನೋಡ್ತೀನಿ" ಎಂದು ಆಕೆ ಒಂದು ದಿಂಬು ಹಿಡಿದುಕೊಂಡು ಮೇಜಿನ ಕೆಳಗೆ ಹೊಕ್ಕಳು. "ಹೆದರಬೇಡ, ಬಾಯಿ ಬಿಡಲ್ಲ."

ಪರದೆಯ ಮೇಲೆ ಇಬ್ಬರು ಕಾಣಿಸಿಕೊಂಡರು. ನರೆಗೂದಲಿನ, ದಪ್ಪ ಕನ್ನಡಕದ ಪ್ರಾಧ್ಯಾಪಕಿ. ಪಕ್ಕದಲ್ಲಿ ಅವರ ಸಹೋದ್ಯೋಗಿ, ಗಡ್ಡದ ಮನುಷ್ಯ. ಇವರು ಕೈ ಬಾಯಿ ಆಡಿಸುತ್ತಾ ಏನೋ ಹೇಳುತ್ತಿದ್ದರು, ಆದರೆ ಅವರ ಮೈಕು ಬಂದ್ ಆಗಿತ್ತು. ಡಾಕ್ಟರ್ ಮರ್ಯಾದೆಗೆ ಅದಕ್ಕೂ ತಲೆಯಾಡಿಸಿದ. ಮೇಜಿನ ಮೇಲೆ ಬೆಳಗ್ಗೆ ತಿಂದ ಬಿಸ್ಕತ್ತಿನ ಪುಡಿ ಉಳಿದಿತ್ತು, ಅದಕ್ಕೊಂದು ನೊಣ ಬಂದು ಕೂತು ಎದ್ದು ಮಾಡುತ್ತಿತ್ತು.

ಓದು, ಕೆಲಸ, ಅಂಕಗಳ ಮಾತೆಲ್ಲ ಸುಸೂತ್ರವಾಗಿ ಮುಗಿಯಿತು. ಆಮೇಲೆ ಪ್ರಾಧ್ಯಾಪಕಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಈಗ ಬಚ್ಚಲ ಕಿಟಕಿಗೆ ಬರೋಣ. ನಿಮ್ಮ ಪತ್ರ ಓದಿ ನನಗೆ ಬಹಳ ಖುಷಿ ಆಯ್ತು. ಬಕೆಟ್ ಮೇಲೆ ನಿಂತು ಬಲೆ ಹರಿದು ನೋಡ್ತಿದ್ದೆ ಅಂತ ಬರೆದಿದ್ದೀರಲ್ಲ..."

ಮೇಜಿನ ಕೆಳಗೆ ಏನೋ ಸರಿದಾಡಿತು.

"ಒಂದು ಮೂಲೆ ಹರಿದ ಕೂಡ್ಲೆ ಜೇಡ ಏನ್ ಮಾಡ್ತಿತ್ತು? ಪುಸ್ತಕದಲ್ಲಿ ಇರೋದು ಬೇಡ. ನೀವು ಕಣ್ಣಾರೆ ಕಂಡಿದ್ದು ಹೇಳಿ."

ಕಣ್ಣಾರೆ ಅವನು ಕಂಡದ್ದು ಬಚ್ಚಲಿನ ಬಾಗಿಲನ್ನು, ಅದೂ ಹೊರಗಡೆಯಿಂದ. ಆದರೂ ಬಾಯಿ ಸುಮ್ಮನಿರಬೇಕಲ್ಲ? "ತಕ್ಷಣ ಓಡಿ ಬರ್ತಿತ್ತು ಮೇಡಂ. ಹರಿದ ಜಾಗಕ್ಕೇ ನೇರವಾಗಿ ಬಂದು ರಿಪೇರಿ ಶುರು ಮಾಡ್ತಿತ್ತು. ಅದರ ಆ ಛಲ ನೋಡಿಯೇ ನನಗೆ..."

"ಸುಳ್ಳು!" ಎಂದಿತು ಮೇಜು.

ಪ್ರಾಧ್ಯಾಪಕಿಯ ಹುಬ್ಬು ಮೇಲೇರಿತು.

"ಶುದ್ಧ ಸುಳ್ಳು! ಏನೂ ಮಾಡ್ತಿರ್ಲಿಲ್ಲ ಅದು. ಮುದುರ್ಕೊಂಡು ಸುಮ್ನೆ ಕೂತಿರ್ತಿತ್ತು. ಕತ್ತಲಾದ ಮೇಲೇನೇ ಅದು ಏಳ್ತಿದ್ದಿದ್ದು!"

ಸುಳ್ಳು ಸಾಕ್ಷಿ ಕೇಳಿದರೆ ಎದ್ದು ನಿಲ್ಲುವ ಅಭ್ಯಾಸ ಅಕ್ಕನದು. ಮೇಜಿನ ಕೆಳಗಿದ್ದೇನೆ ಎಂಬುದನ್ನೂ ಮರೆತು ಎದ್ದಳು, ತಲೆ ಬಡಿಯಿತು, ಕೈಯಿಂದ ಪ್ಲಗ್ಗು ಜಾರಿತು. ಪರದೆಯ ಮೇಲೆ ಪ್ರಾಧ್ಯಾಪಕಿ ಹುಬ್ಬೇರಿಸಿದ ಹಾಗೆಯೇ ನಿಂತುಹೋದರು.

ಅಕ್ಕ ತಲೆ ಉಜ್ಜಿಕೊಳ್ಳುತ್ತಾ ಹೊರಗೆ ಬಂದಳು. ಬಯ್ಯುತ್ತಾಳೆ ಎಂದು ಡಾಕ್ಟರ್ ಕುರ್ಚಿಯಲ್ಲಿ ಮುದುಡಿಕೊಂಡ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

"ಬಾವಲಿ ಬರ್ಕೊಂಡೆ, ನಾನು ನಕ್ಕೆ" ಎಂದಳು ಮೆತ್ತಗೆ. "ನಿದ್ದೆ ಬರ್ಕೊಂಡೆ, ನಕ್ಕೆ. ಇದು ನಂದು ಕಣೋ. ಆ ಮನೇಲಿ ನಂದು ಅಂತ ಇದ್ದಿದ್ದು ಅದೊಂದೇ. ಅಮ್ಮ ಆ ಬಲೆ ಮೇಲೆ ಪೊರಕೆ ಆಡಿಸಿದ ದಿನ ನಾನು ಊಟ ಮಾಡ್ಲಿಲ್ಲ, ನಿಂಗೆ ನೆನಪಿದ್ಯಾ?"

ಅವನಿಗೆ ನೆನಪಿತ್ತು. ಅವಳ ಪಾಲಿನ ಊಟವನ್ನೂ ತಾನೇ ತಿಂದದ್ದೂ ನೆನಪಿತ್ತು. "ತಪ್ಪಾಯ್ತು ಅಕ್ಕಾ. ಇದೇ ಕಡೇ ವರ್ಷ. ಹೆದರಿಕೆ ಆಗಿತ್ತು" ಎಂದ. ಅಷ್ಟು ನಿಜವನ್ನು ಅವನು ಯಾವ ಅರ್ಜಿಯಲ್ಲೂ ಬರೆದಿರಲಿಲ್ಲ.

ಅಕ್ಕ ಅವನ ಮುಖವನ್ನೇ ನೋಡಿದಳು. ಆಮೇಲೆ ದಿಂಬು ಸರಿಮಾಡಿಕೊಂಡು ಮತ್ತೆ ಮೇಜಿನ ಕೆಳಗೆ ಬಗ್ಗಿದಳು.

"ಏನ್ ಮಾಡ್ತಿದ್ದೀಯ?"

"ಪ್ಲಗ್ಗು ಒತ್ತುತ್ತೀನಿ. ರೇಡಿಯೊ ಓಡ್ತಿತ್ತು, ಅದರದ್ದು ಆ ಸದ್ದು ಅನ್ನು. ಆಕೆ ಏನ್ ಕೇಳಿದ್ರೂ ನಾನು ಮೆಲ್ಲಗೆ ಹೇಳ್ಕೊಡ್ತೀನಿ, ನೀನು ಹೇಳ್ತಾ ಹೋಗು. ತಗೋ, ನಿಂದೇ ಅಂತ ಇಟ್ಕೋ. ನಾನೇನು ಜೇಡ ಇಟ್ಕೊಂಡು ಕೋರ್ಟಿಗೆ ಹೋಗ್ತೀನಾ?"

ಪರದೆ ಮತ್ತೆ ಜೀವ ತಾಳಿತು. ಉಪಾಯ ಚೆನ್ನಾಗಿಯೇ ಇತ್ತು. ಎರಡು ನಿಮಿಷದ ಹಿಂದೆ ಯಾರಾದರೂ ಇದನ್ನು ಹೇಳಿಕೊಟ್ಟಿದ್ದರೆ ಡಾಕ್ಟರ್ ಅವರ ಕಾಲಿಗೆ ಬೀಳುತ್ತಿದ್ದ. ಆದರೆ ಕದ್ದದ್ದನ್ನು ಹೊತ್ತುಕೊಂಡು ಓಡುವುದು ಬೇರೆ, ಕಳೆದುಕೊಂಡವಳೇ ಮೂಟೆ ಕಟ್ಟಿ ಕೊಟ್ಟದ್ದನ್ನು ತೆಗೆದುಕೊಂಡು ಹೋಗುವುದು ಬೇರೆ. ಅವನಿಂದ ಆಗಲಿಲ್ಲ.

"ಮೇಡಂ, ಆ ಜೇಡ ನಂದಲ್ಲ" ಎಂದ. "ನಮ್ಮ ಅಕ್ಕಂದು. ಬಕೆಟ್ ಮೇಲೆ ನಿಂತಿದ್ದೂ ಅವಳೇ. ಈಗ ಸುಳ್ಳು ಅಂದಿದ್ದೂ ಅವಳೇ. ಮೇಜಿನ ಕೆಳಗಿದ್ದಾಳೆ."

"ಕೆಳಗ್ಯಾಕೆ?" ಎಂದರು ಪ್ರಾಧ್ಯಾಪಕಿ.

"ಪ್ಲಗ್ಗು ಒತ್ಕೊಂಡಿದ್ದಾಳೆ."

"ನಮಸ್ಕಾರ" ಎಂದಿತು ಮೇಜು.

ಪ್ರಾಧ್ಯಾಪಕಿ ಕನ್ನಡಕ ತೆಗೆದು ಒರೆಸಿಕೊಂಡರು. ಸಿಟ್ಟೋ ನಗುವೋ ತಿಳಿಯಲಿಲ್ಲ. "ಕತ್ತಲಾದ ಮೇಲೆ ಏಳ್ತಿತ್ತು ಅಂದ್ರಲ್ಲಾ, ಅದು ಸರಿ" ಎಂದರು ಮೇಜಿಗೆ. ಆಮೇಲೆ ಅವನ ಕಡೆ ತಿರುಗಿ, ದನಿ ಬಿಗಿಯಾಗಿಸಿ, "ನಿಮ್ಮ ಅಕ್ಕ ಜೇಡ ನೋಡ್ತಿದ್ದಾಗ ನೀವೇನ್ ಮಾಡ್ತಿದ್ರಿ?" ಎಂದು ಕೇಳಿದರು.

ಇನ್ನು ಬಚ್ಚಿಡಲು ಏನೂ ಉಳಿದಿರಲಿಲ್ಲ. "ಬಾಗಿಲ ಹೊರಗೆ ನಿಂತಿರ್ತಿದ್ದೆ ಮೇಡಂ. ಅವಳಿಗೆ ನೊಣ ಹಿಡಿದು ಕೊಡ್ತಿದ್ದೆ."

"ನೊಣ?"

"ಜೇಡಕ್ಕೆ ಹಾಕೋಕೆ. 'ತಗೊಂಡ್ ಬಾ, ಬದುಕಿರೋದು' ಅಂತ ಒಳಗಿಂದ ಕೂಗೋಳು. ಸತ್ತಿದ್ದು ಕೊಟ್ರೆ ವಾಪಸ್ ಕಳಿಸೋಳು. ನನ್ನ ಬಾಲ್ಯ ಅಂದ್ರೆ ಅಷ್ಟೇ. ಬರೆಯೋಕೆ ನಾಚಿಕೆ ಆಯ್ತು. ಈಗ ಮಾಡ್ತಿರೋದೂ ಬಿಸ್ಕತ್ತು ಮುರಿಯೋ ಕೆಲಸ. ಅದನ್ನೂ ಬರೆಯೋಕೆ ನಾಚಿಕೆ ಆಯ್ತು."

ಅಷ್ಟು ಹೊತ್ತಿನಿಂದ ಸದ್ದಿಲ್ಲದೆ ಮಾತಾಡುತ್ತಿದ್ದ ಗಡ್ಡದ ಮನುಷ್ಯ ಥಟ್ಟನೆ ಪರದೆಯ ಹತ್ತಿರಕ್ಕೆ ಬಂದರು, ಏನನ್ನೋ ಒತ್ತಿದರು, ಮೈಕು ತೆರೆಯಿತು.

"ಕೈಯಲ್ಲಿ ಹಿಡೀತಿದ್ರಾ?"

"ಹೌದು ಸಾರ್."

"ಬದುಕಿದ್ದಂಗೇ? ರೆಕ್ಕೆ ಕಾಲು ಏನೂ ಮುರೀದೆ?"

ನೊಣ ಇನ್ನೂ ಬಿಸ್ಕತ್ತಿನ ಪುಡಿಯ ಮೇಲೆ ಕೂತು ಮುಂಗಾಲು ಉಜ್ಜಿಕೊಳ್ಳುತ್ತಿತ್ತು. ಡಾಕ್ಟರ್ ಅಂಗೈಯನ್ನು ಬೊಗಸೆಯಂತೆ ಬಾಗಿಸಿ, ನೊಣ ಇದ್ದಲ್ಲಿಗಲ್ಲ, ಅದು ಏಳುವ ಜಾಗಕ್ಕೆ ಸರಕ್ಕನೆ ಬೀಸಿದ. ಮುಷ್ಟಿಯನ್ನು ಕ್ಯಾಮೆರಾದ ಹತ್ತಿರ ಹಿಡಿದ. ಒಳಗೆ ಗುಂಯ್ಗುಟ್ಟುವುದು ಅತ್ತ ಕಡೆಗೂ ಕೇಳಿಸಿತು. ಬೆರಳು ಬಿಡಿಸಿದಾಗ ನೊಣ ಅಂಗೈ ಮೇಲೆ ಒಂದು ಗಳಿಗೆ ದಿಕ್ಕೆಟ್ಟು ನಿಂತು, ಆಮೇಲೆ ಹಾರಿಹೋಯಿತು.

"ಹಿಡಿದ್ಯಾ?" ಎಂದಳು ಅಕ್ಕ ಕೆಳಗಿನಿಂದ.

"ಹಿಡಿದೆ."

"ಬದುಕಿದ್ಯಾ?"

"ಹಾರ್ಹೋಯ್ತು."

ಗಡ್ಡದವರು ಪ್ರಾಧ್ಯಾಪಕಿಯ ಕಡೆ ತಿರುಗಿದರು. "ಹೋದ ಸಲದವನು ನೊಣ ಹಿಡಿಯೋಕೆ ಅಸಹ್ಯ ಆಗುತ್ತೆ ಅಂತ ಮೂರೇ ತಿಂಗಳಿಗೆ ಕಂಬಿ ಕಿತ್ತ. ಚಿಮಟದಲ್ಲಿ ಹಿಡಿದು ಎಷ್ಟು ಸಾಯಿಸಿದ್ದ ಗೊತ್ತಲ್ಲ ನಿಮಗೆ? ನೂಲು ಎಳೆಯೋದು ಯಾರಿಗಾದ್ರೂ ಕಲಿಸಬಹುದು" ಎಂದರು.

ಪ್ರಾಧ್ಯಾಪಕಿ ಡಾಕ್ಟರಿಗೆ ಹೇಳಿದರು: "ಆ ಪತ್ರವನ್ನ ಮತ್ತೆ ಬರೆದು ಕಳಿಸಿ. ಬಿಸ್ಕತ್ತಿನಿಂದ ಶುರು ಮಾಡಿ. ಇನ್ನೊಂದು ಸುಳ್ಳು ಕಂಡ್ರೆ ನಾನೇ ಹರಿದು ಹಾಕ್ತೀನಿ."

ಹೊಸ ಪತ್ರ ಅರ್ಧ ಪುಟವೂ ಆಗಲಿಲ್ಲ. ಕಳಿಸುವ ಮುಂಚೆ ಅವನೇ ಅದನ್ನು ಅಕ್ಕನಿಗೆ ತೋರಿಸಿದ. ಆಕೆ ಪೆನ್ನು ಹಿಡಿದು ಕೂತು, ಆಕ್ಷೇಪಿಸಲು ಏನೂ ಸಿಗದೆ, ಮುಖ ಸಣ್ಣಗೆ ಮಾಡಿಕೊಂಡು ಎದ್ದು ಹೋದಳು. ಉತ್ತರಕ್ಕಾಗಿ ಕಾದ ದಿನಗಳಲ್ಲಿ ಡಾಕ್ಟರ್ ಮುರಿಯಬೇಕಾಗಿದ್ದಕ್ಕಿಂತ ಹೆಚ್ಚು ಬಿಸ್ಕತ್ತು ಮುರಿದ.

ಉತ್ತರ ಬಂದಾಗ ಅಭ್ಯಾಸಬಲದಿಂದ ಮೊದಲು 'ಆದರೆ' ಹುಡುಕಿದ. ಇತ್ತು. ಕಣ್ಣು ಮುಚ್ಚಿಕೊಂಡ. ಅಕ್ಕನೇ ಭುಜದ ಮೇಲಿಂದ ಬಗ್ಗಿ ಜೋರಾಗಿ ಓದಿದಳು: "'ನಿಮ್ಮನ್ನು ಆಯ್ಕೆ ಮಾಡಿದ್ದೇವೆ. ಆದರೆ ಮೊದಲ ವರ್ಷ ಜೇಡಗಳಿಗೆ ಆಹಾರ ಒದಗಿಸುವ ಹೊಣೆಯೂ ನಿಮ್ಮದೇ.'" ಓದಿ ಮುಗಿಸಿ ಅವನ ತಲೆಗೆ ಒಂದು ಮೊಟಕಿದಳು. "ಇಷ್ಟೆಲ್ಲ ಓದಿ, ಬೆಳೆದು, ಕೊನೆಗೆ ಸಿಕ್ಕಿದ್ದು ನಾನು ಕೊಟ್ಟಿದ್ದ ಕೆಲಸಾನೇ ತಾನೇ?" ಎಂದು ನಗತೊಡಗಿದಳು. ನಗು ಮುಗಿಯುವ ಹೊತ್ತಿಗೆ ಅವಳ ಕಣ್ಣು ಕೆಂಪಾಗಿತ್ತು. ಭಾವ ಆ ಸಂತೋಷದಲ್ಲಿ ಪ್ಲಗ್ಗನ್ನು ಇನ್ನೊಮ್ಮೆ ರಿಪೇರಿ ಮಾಡುತ್ತೇನೆಂದು ಹೊರಟಾಗ ಇಬ್ಬರೂ ಸೇರಿ ತಡೆದರು.

ಪ್ರಯೋಗಾಲಯದಲ್ಲಿ ಅವನಿಗೆ ಸಿಕ್ಕದ್ದು ಕಿಟಕಿಯಿಲ್ಲದ ಒಂದು ಉದ್ದನೆಯ ಕೋಣೆ. ಗೋಡೆಗೆ ಮರದ ಚೌಕಟ್ಟುಗಳು, ಒಂದೊಂದರಲ್ಲೂ ಒಂದೊಂದು ಜೇಡ. ಹೊರಗಿನ ಹಗಲಿಗೆ ತಕ್ಕಂತೆ ದೀಪಗಳು ಹೊತ್ತಿ ಆರುತ್ತಿದ್ದವು. ಮೊದಲ ವಾರ ಮುಗಿದ ದಿನ, ಸಂಜೆ, ದೀಪ ಆರಲು ಇನ್ನೂ ಸ್ವಲ್ಪ ಹೊತ್ತಿರುವಾಗ, ಅವನು ಅಕ್ಕನಿಗೆ ವೀಡಿಯೊ ಕರೆ ಮಾಡಿದ. ಆಕೆ ಆಫೀಸಿನಲ್ಲಿದ್ದಳು, ಕಟ್ಟುಗಟ್ಟಲೆ ಕಾಗದಗಳ ಹಿಂದೆ.

"ಏನೋ ಡಾಕ್ಟ್ರೇ? ಕಕ್ಷಿದಾರರು ಬರೋ ಹೊತ್ತು."

"ಎರಡು ನಿಮಿಷ." ಅವನು ಫೋನನ್ನು ಒಂದು ಚೌಕಟ್ಟಿನ ಎದುರು ನಿಲ್ಲಿಸಿ, ಊಟದ ತಟ್ಟೆಯಷ್ಟಗಲದ ಬಲೆಯ ಒಂದು ಮೂಲೆಯನ್ನು ಕಿರುಬೆರಳಿನಿಂದ ಹರಿದ.

ಅಕ್ಕ ಕಾಗದಗಳನ್ನು ಪಕ್ಕಕ್ಕೆ ಸರಿಸಿದಳು. "ಏನ್ ಮಾಡ್ತಿದೆ?"

"ಏನೂ ಇಲ್ಲ. ಮುದುರ್ಕೊಂಡು ಕೂತಿದೆ."

"ನಾನ್ ಹೇಳ್ಲಿಲ್ವಾ? ದೀಪ ಆರಲಿ, ಇರು. ಫೋನ್ ಅಲ್ಲಾಡಿಸಬೇಡ."

ಅವಳ ಬಾಗಿಲನ್ನು ಯಾರೋ ತಟ್ಟಿದರು. "ಸ್ವಲ್ಪ ಹೊರಗೆ ಕೂತಿರಿ" ಎಂದು ಅಕ್ಕ ತಿರುಗಿಯೂ ನೋಡದೆ ಕೂಗಿದಳು. ಆ ದನಿ ಕೇಳಿ ಡಾಕ್ಟರಿಗೆ ಬಚ್ಚಲಿನ ಬಾಗಿಲ ಮುಂದೆ ನಿಂತ ಹಾಗೆಯೇ ಆಯಿತು. ಈ ಸಲ ಅವನೂ ಒಳಗಿದ್ದ. ಕೋಣೆಯ ದೀಪ ಆರಿತು, ಫೋನಿನ ಮಂದ ಬೆಳಕಿನಲ್ಲಿ ಜೇಡ ಒಂದು ಕಾಲು ಚಾಚಿತು.

"ಅಕ್ಕಾ, ನೊಣ ತರ್ಲಾ?"

"ತಗೊಂಡ್ ಬಾ" ಎಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ಬದುಕಿರೋದು."